ಎಲುಬು ಲೋಹವನ್ನು ಹಿಡಿಯುವ ಬಗೆ

(ದೇವಸುಗೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಮಾನ್ವಿಯ ಜಗನ್ನಾಥದಾಸರ ರಾಯಚೂರು ಜಿಲ್ಲೆ ಇದು. ಇಲ್ಲಿ ದತ್ತಿ ಉಪನ್ಯಾಸವೆಂದರೆ ದಾಸರ ಪದವೋ ಶರಣರ ವಚನವೋ ಇರಬೇಕೆಂದು ಜನ ಕಾಯುತ್ತಾರೆ. ಸಂಘಟಕರು ಮಾತ್ರ ನನ್ನನ್ನು ಕರೆಯುವಾಗ, ಸಾಹಿತ್ಯ ಹೇಳುವವರು ಬೇಕಾದಷ್ಟಿದ್ದಾರೆ, ನೀವು ನಿಮ್ಮ ಕಸುಬಿನ ಮಾತೇ ಆಡಿ ಎಂದರು. ನಾನು ಮೂಳೆ ವೈದ್ಯ. ಮುರಿದದ್ದನ್ನು ಕೂಡಿಸುವುದು, ಸವೆದದ್ದನ್ನು ಬದಲಿಸುವುದು ನನ್ನ ಕೆಲಸ. ಎರಡಕ್ಕೂ ಲೋಹ ಬೇಕು. ಆ ಲೋಹ ಎಲುಬಿನೊಳಗೆ ಹೋಗಿ ಕೂತ ಮೇಲೆ ಎಲುಬು ಅದನ್ನು ಒಪ್ಪುತ್ತದೋ ಇಲ್ಲವೋ, ಒಪ್ಪುವಂತೆ ಮಾಡಲು ಲೋಹದ ಮೈಯನ್ನು ಹೇಗೆ ತಿದ್ದುತ್ತಾರೆ ಎಂಬುದೇ ಇವತ್ತಿನ ವಿಷಯ.

ನಮ್ಮ ಓಪಿಡಿಯಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆ ಒಂದಿದೆ. "ಸಾಹೇಬ್ರ, ಕಾಲಾಗ ಹಾಕಿದ ರಾಡು ತಗಸಬೇಕೇನ್ರಿ, ಹಂಗ ಇದ್ರ ನಡೀತದೇನ್ರಿ?" ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು, ಟ್ರ್ಯಾಕ್ಟರ್ ಟ್ರೇಲರಿನಿಂದ ಜಾರಿದವರು, ಹೊಲದ ಬದುವಿನಲ್ಲಿ ಕಾಲು ತಿರುಚಿಕೊಂಡವರು ಎಲ್ಲರೂ ಇದನ್ನೇ ಕೇಳುತ್ತಾರೆ. ಪ್ರಶ್ನೆ ಸಾದಾ ಆದರೂ ಉತ್ತರ ಅದೇ ಲೋಹದ ಮೈಗೆ ಬಂದು ನಿಲ್ಲುತ್ತದೆ. ತೊಡೆಯೆಲುಬಿನೊಳಗಿನ ರಾಡು, ಮೇಲೆ ಕೂರಿಸಿದ ಪ್ಲೇಟು, ಅದರ ಸ್ಕ್ರೂಗಳು ಎಲುಬು ಕೂಡುವವರೆಗೆ ಆಧಾರ ಕೊಡಲು ಬಂದವು. ಎಲುಬು ಕೂಡಿತೆಂದರೆ ಅವುಗಳ ಕೆಲಸ ಮುಗಿಯಿತು. ಅಲ್ಲಿ ಎಲುಬು ಲೋಹವನ್ನು ಗಟ್ಟಿಯಾಗಿ ಅಪ್ಪಿಕೊಂಡರೆ ನಮಗೇ ತೊಂದರೆ. ಟೈಟಾನಿಯಂ ಸ್ಕ್ರೂಗಳನ್ನು ಕೆಲವು ವರ್ಷ ಬಿಟ್ಟು ತೆಗೆಯಲು ಹೋದರೆ ಅವು ಕದಲುವುದಿಲ್ಲ. ತಲೆಯ ಕಚ್ಚು ಸವೆದು, ಸ್ಕ್ರೂಡ್ರೈವರ್ ಸುಮ್ಮನೆ ಸುತ್ತುತ್ತದೆ. ಆಗ ಸುತ್ತಲಿನ ಎಲುಬನ್ನೇ ಕೊರೆದು ತೆಗೆಯಬೇಕು. ಹೀಗಾಗಿ ಮುರಿತಕ್ಕೆ ಹಾಕುವ ಪ್ಲೇಟು ನುಣುಪಾಗಿರಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಈಗಲೂ ಓಡುತ್ತಿರುವ 316ಎಲ್ ಸ್ಟೇನ್‌ಲೆಸ್ ಸ್ಟೀಲಿನ ಹೊಳಪು ಮೈ ಆ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಸ್ಟೀಲ್ ಹಾಕಿದರು, ಬಡವರೆಂದು ಕಡಿಮೆಯದು ಹಾಕಿದರು ಎಂದು ಕೊರಗುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಟೊಂಕದ ಕೀಲಿನ ಕಥೆ ಬೇರೆ. ಅಲ್ಲಿ ಹಾಕುವ ಬಟ್ಟಲು ಮತ್ತು ತೊಡೆಯೆಲುಬಿನೊಳಗೆ ಇಳಿಸುವ ಕಡ್ಡಿ ಜೀವಮಾನಕ್ಕೆ ಬಂದವು. ನಡೆದರೆ, ಮೆಟ್ಟಿಲು ಹತ್ತಿದರೆ, ದೇಹದ ತೂಕದ ಹಲವು ಪಟ್ಟು ಭಾರ ಅವುಗಳ ಮೇಲೆ ಬೀಳುತ್ತದೆ. ವರ್ಷಕ್ಕೆ ಲಕ್ಷಗಟ್ಟಲೆ ಹೆಜ್ಜೆ. ಲೋಹ ಮತ್ತು ಎಲುಬಿನ ನಡುವೆ ಕೂದಲೆಳೆಯಷ್ಟು ಸಡಿಲ ಇದ್ದರೂ ಅದು ವರ್ಷ ಕಳೆದಂತೆ ನೋವಾಗಿ, ಕುಂಟಾಗಿ ಹೊರಬರುತ್ತದೆ.

ಮೊದಲು ಈ ಸಡಿಲವನ್ನು ಅಂಟಿನಿಂದ ತುಂಬಿದರು. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ 1962ರ ಹೊತ್ತಿಗೆ ಲೋಹದ ಸಣ್ಣ ಗುಂಡು, ಪಾಲಿಥೀನಿನ ಬಟ್ಟಲು, ಇವನ್ನು ಎಲುಬಿಗೆ ಕೂರಿಸಲು ಅಕ್ರಿಲಿಕ್ ಸಿಮೆಂಟು ಎಂಬ ಜೋಡಣೆಯನ್ನು ನೆಲೆಗೊಳಿಸಿದ. ಹಲ್ಲಿನ ವೈದ್ಯರು ಬಳಸುತ್ತಿದ್ದ ಜಾತಿಯದೇ ವಸ್ತು ಅದು. ಹಿಟ್ಟಿನಂತೆ ಕಲಸಿ ಹಾಕಿದರೆ ಕೆಲವೇ ನಿಮಿಷದಲ್ಲಿ ಕಲ್ಲಾಗುತ್ತದೆ. ಆ ಸಿಮೆಂಟು ಹಳೆಯದಾಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ವಯಸ್ಸಾದವರ ಮೆತ್ತಗಿನ ಎಲುಬಿಗೆ ಇವತ್ತಿಗೂ ಅದೇ ಒಳ್ಳೆಯದು. ಮೊಣಕಾಲು ಕೀಲು ಬದಲಿಯಲ್ಲಂತೂ ಬಹುಪಾಲು ಸಿಮೆಂಟೇ. ಆದರೆ ಸಿಮೆಂಟಿಗೆ ಜೀವವಿಲ್ಲ. ಬಿರುಕು ಬಿಟ್ಟರೆ ತಾನಾಗಿ ಕೂಡುವುದಿಲ್ಲ. ನಲವತ್ತರ ಆಸುಪಾಸಿನವನಿಗೆ ಕೀಲು ಹಾಕಬೇಕಾದಾಗ, ಎಲುಬೇ ಬೆಳೆದು ಲೋಹವನ್ನು ಹಿಡಿದುಕೊಂಡರೆ ಎಷ್ಟು ಚೆನ್ನ ಎಂಬ ಆಸೆ ಸಹಜವಾಗಿ ಬರುತ್ತದೆ.

ಎಲುಬು ಹಾಗೆ ಹಿಡಿದುಕೊಳ್ಳುತ್ತದೆ ಎಂದು ಗೊತ್ತಾದದ್ದು ಕಿರಿಕಿರಿಯೊಂದರಿಂದ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೊನೆಮಾರ್ಕ್ 1950ರ ದಶಕದ ಮೊದಲಲ್ಲಿ ಎಲುಬಿನ ಮಜ್ಜೆಯಲ್ಲಿ ರಕ್ತ ಹೇಗೆ ಹರಿಯುತ್ತದೆಂದು ನೋಡಲು ಮೊಲದ ಕಾಲಿನೊಳಗೆ ಟೈಟಾನಿಯಮ್ಮಿನ ಸಣ್ಣ ಕೊಠಡಿಯೊಂದನ್ನು ತಿರುಪಿ ಕೂರಿಸಿದ್ದ. ಪ್ರಯೋಗ ಮುಗಿದ ಮೇಲೆ ದುಬಾರಿ ಸಾಧನವನ್ನು ತೆಗೆದು ಮತ್ತೆ ಬಳಸೋಣವೆಂದರೆ ಅದು ಬರಲೊಲ್ಲದು. ಎಲುಬು ಅದರ ಮೈಗೆ ಬೆಸೆದುಕೊಂಡಿತ್ತು. ಬೇರೆಯವನಾಗಿದ್ದರೆ ಬೈದುಕೊಂಡು ಹೊಸದು ತರಿಸುತ್ತಿದ್ದ. ಈತ ಉಳಿದ ಆಯುಷ್ಯವನ್ನೆಲ್ಲ ಆ ಬೆಸುಗೆಯ ಹಿಂದೆ ಕಳೆದ. 1965ರಲ್ಲಿ ಮೊದಲ ರೋಗಿಯ ದವಡೆಗೆ ಟೈಟಾನಿಯಮ್ಮಿನ ಬೇರುಗಳನ್ನು ನೆಟ್ಟು ಅದರ ಮೇಲೆ ಹಲ್ಲು ಕೂರಿಸಿದ. ಆ ಮನುಷ್ಯ 2006ರಲ್ಲಿ ತೀರಿಕೊಳ್ಳುವವರೆಗೂ ಅವೇ ಬೇರುಗಳ ಮೇಲಿನ ಹಲ್ಲಿನಲ್ಲಿ ಉಂಡ. ಆದರೂ ದಂತವೈದ್ಯರ ಲೋಕ ಬ್ರೊನೆಮಾರ್ಕನನ್ನು ಒಪ್ಪಲು 1982ರ ಟೊರೊಂಟೊ ಸಮ್ಮೇಳನದವರೆಗೆ ಕಾಯಬೇಕಾಯಿತು.

ಟೈಟಾನಿಯಮ್ಮಿನಲ್ಲಿ ಏನು ವಿಶೇಷ? ನಿಜ ಹೇಳಬೇಕೆಂದರೆ ಎಲುಬು ಟೈಟಾನಿಯಮ್ಮನ್ನು ಮುಟ್ಟುವುದೇ ಇಲ್ಲ. ಗಾಳಿ ತಾಗಿದ ಕ್ಷಣವೇ ಆ ಲೋಹದ ಮೇಲೆ ಆಕ್ಸೈಡಿನ ಪೊರೆಯೊಂದು ಕಟ್ಟುತ್ತದೆ. ದಪ್ಪ ಕೆಲವೇ ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಸಿಗುವುದು ಒಂದು ನ್ಯಾನೊಮೀಟರ್. ಗೀರಿದರೂ ಪೊರೆ ಮತ್ತೆ ಕೂಡುತ್ತದೆ. ದೇಹ ವ್ಯವಹಾರ ಮಾಡುವುದು ಈ ಪೊರೆಯ ಜೊತೆ. ಒಳಗೆ ಹೋದ ಕೂಡಲೇ ರಕ್ತದ ನೀರು, ಲವಣ, ಪ್ರೋಟೀನುಗಳು ಬಂದು ಅದರ ಮೇಲೆ ಹರಡಿಕೊಳ್ಳುತ್ತವೆ. ಫೈಬ್ರೊನೆಕ್ಟಿನ್, ವಿಟ್ರೊನೆಕ್ಟಿನ್ ಎಂಬ ಪ್ರೋಟೀನುಗಳು ಅಲ್ಲಿ ಸರಿಯಾದ ಭಂಗಿಯಲ್ಲಿ ಕೂತವೆಂದರೆ, ಎಲುಬು ಕಟ್ಟುವ ಜೀವಕೋಶಗಳು ತಮ್ಮ ಮೈಮೇಲಿನ ಹಿಡಿಕೆಗಳಿಂದ ಅವನ್ನು ಹಿಡಿದುಕೊಂಡು ನೆಲೆ ನಿಲ್ಲುತ್ತವೆ. ಜೀವಕೋಶ ಬರುವ ಹೊತ್ತಿಗೆ ಅದಕ್ಕೆ ಕಾಣುವುದು ಬರಿಯ ಲೋಹವಲ್ಲ, ಪ್ರೋಟೀನಿನ ಹಾಸು. ಮೊದಲ ವಾರಗಳಲ್ಲಿ ಅಡ್ಡಾದಿಡ್ಡಿ ನೇಯ್ದ ಹಸಿ ಎಲುಬು, ಆಮೇಲೆ ತಿಂಗಳುಗಟ್ಟಲೆ ಅದನ್ನು ಕಡಿದು ಮತ್ತೆ ಕಟ್ಟಿ ಪಕ್ಕಾ ಮಾಡುವ ಕೆಲಸ. ಈ ಕಡಿಯುವ ಕೋಶ, ಕಟ್ಟುವ ಕೋಶಗಳ ಜೋಡಿಯನ್ನು ನೆನಪಿಟ್ಟುಕೊಳ್ಳಿ, ನಮ್ಮ ಜಿಲ್ಲೆಯ ನೀರಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಹಳೆಯ ನುಣುಪು ಗೋಡೆಗೆ ಗಾರೆ ಮೆತ್ತುವ ಮುಂಚೆ ಗೌಂಡಿ ಉಳಿ ಹಿಡಿದು ಗೋಡೆಯ ತುಂಬ ಕಚ್ಚು ಹೊಡೆಯುತ್ತಾನಲ್ಲ, ಲೋಹದ ಮೈಗೂ ಅದೇ ನ್ಯಾಯ. ವ್ಯತ್ಯಾಸ ಅಳತೆಯಲ್ಲಿದೆ. ಇಲ್ಲಿ ಮೂರು ಅಳತೆಯ ಕಚ್ಚುಗಳು ಬೇಕು, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ನೂರಾರು ಮೈಕ್ರಾನಿನ ರಂಧ್ರಗಳೊಳಗೆ ಎಲುಬಿನ ಎಳೆಗಳೇ ರಕ್ತನಾಳ ಸಮೇತ ಬೆಳೆದು ಬರುತ್ತವೆ. 1980ರಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗದಲ್ಲಿ 50ರಿಂದ 400 ಮೈಕ್ರಾನಿನ ರಂಧ್ರಗಳಿದ್ದ ಲೋಹವನ್ನು ಎಲುಬು ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿದಿತ್ತು. ಇವತ್ತಿಗೂ ಲೋಹದ ಮಣಿ ಅಂಟಿಸುವವರು, ತಂತಿಯ ಜಾಲರಿ ಬೆಸೆಯುವವರು ಹೆಚ್ಚುಕಡಿಮೆ ಆ ಲೆಕ್ಕದಲ್ಲೇ ಇದ್ದಾರೆ. ಅದಕ್ಕಿಂತ ಸಣ್ಣದು ಒಂದೆರಡು ಮೈಕ್ರಾನಿನ ಒರಟು. ಇದರೊಳಗೆ ಎಲುಬು ಹೊಗುವುದಿಲ್ಲ, ಜೀವಕೋಶಕ್ಕೆ ಕಾಲೂರಲು ಇಷ್ಟು ಸಾಕು. ಇನ್ನೂ ಕೆಳಗೆ, ನ್ಯಾನೊಮೀಟರಿನ ಅಳತೆಯಲ್ಲಿ, ಪ್ರೋಟೀನು ಹೇಗೆ ಕೂರುತ್ತದೆ ಎಂಬುದು ನಿರ್ಧಾರವಾಗುತ್ತದೆ.

ನಡುವಿನ ಈ ಒರಟನ್ನು ಮಾಡುವ ರೀತಿ ಇಲ್ಲಿನ ಶಕ್ತಿನಗರದವರಿಗೆ ಹೊಸದಲ್ಲ. 1985ರಲ್ಲಿ ಮೊದಲ ಘಟಕ ಶುರುವಾಗಿ, ಇವತ್ತು ಎಂಟು ಘಟಕ, 1720 ಮೆಗಾವ್ಯಾಟಿನವರೆಗೆ ಬೆಳೆದ ನಿಮ್ಮ ಉಷ್ಣ ಸ್ಥಾವರದಂಥ ಕಡೆ, ಉಕ್ಕಿಗೆ ಬಣ್ಣವೋ ಲೇಪವೋ ಹಿಡಿಯಬೇಕೆಂದರೆ ಮೊದಲು ಗಾಳಿಯ ಒತ್ತಡದಲ್ಲಿ ಹರಳುಪುಡಿ ಹೊಡೆದು ಮೈಯನ್ನು ಕೆರೆಯುತ್ತಾರೆ. ಸ್ಯಾಂಡ್ ಬ್ಲಾಸ್ಟಿಂಗ್ ಎಂದರೆ ಇಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಗೊತ್ತು. ಟೈಟಾನಿಯಂ ಕಡ್ಡಿಗೂ ಅಲ್ಯುಮಿನಾ ಹರಳಿನಿಂದ ಹಾಗೆಯೇ ಹೊಡೆಯುತ್ತಾರೆ, ಆಮೇಲೆ ಆಮ್ಲದಲ್ಲಿ ಅದ್ದಿ ಇನ್ನಷ್ಟು ಸಣ್ಣ ಗುಳಿಗಳನ್ನು ಕೊರೆಯುತ್ತಾರೆ. ಪ್ಲಾಸ್ಮಾ ಸಿಂಪಡಣೆಯೂ ಕಾರ್ಖಾನೆಗಳ ದಾರಿಯಿಂದಲೇ ಆಸ್ಪತ್ರೆಗೆ ಬಂದದ್ದು. ಟರ್ಬೈನಿನ ಭಾಗಗಳು ಶಾಖಕ್ಕೆ, ಸವೆತಕ್ಕೆ ತಾಳಲೆಂದು ಪುಡಿಯನ್ನು ಕರಗಿಸಿ ಎರಚುವ ವಿದ್ಯೆಯನ್ನೇ ಹಿಡಿದು, 1980ರ ದಶಕದಲ್ಲಿ ಹೈಡ್ರಾಕ್ಸಿಅಪಟೈಟನ್ನು ಕೀಲಿನ ಕಡ್ಡಿಗಳ ಮೇಲೆ ಎರಚಿದರು. ಹೈಡ್ರಾಕ್ಸಿಅಪಟೈಟ್ ಅಂದರೆ ನಮ್ಮ ಎಲುಬಿನ ಗಟ್ಟಿತನಕ್ಕೆ ಕಾರಣವಾದ ಕ್ಯಾಲ್ಸಿಯಂ-ಫಾಸ್ಫೇಟ್ ಖನಿಜ. ಎಲುಬಿಗೆ ತನ್ನ ಸರಕೇ ಎದುರಿಗೆ ಸಿಕ್ಕಂತಾಗಿ ಬೇಗ ಕೂಡಿಕೊಳ್ಳುತ್ತದೆ. ತೊಂದರೆ ಏನೆಂದರೆ, ಪ್ಲಾಸ್ಮಾದ ಉರಿ ಹತ್ತು ಸಾವಿರ ಡಿಗ್ರಿಯನ್ನೂ ಮೀರುತ್ತದೆ. ಆ ಶಾಖಕ್ಕೆ ಖನಿಜದ ಒಂದು ಪಾಲು ಹರಳಿನ ಕಟ್ಟು ಕಳೆದುಕೊಂಡು ದೇಹದಲ್ಲಿ ಬೇಗ ಕರಗುವಂತಾಗುತ್ತದೆ. ಲೇಪ ದಪ್ಪವಾದರೆ ಲೋಹದಿಂದಲೇ ಎದ್ದು ಬರುತ್ತದೆ. ತೆಳ್ಳಗಾದರೆ ಎಲುಬು ಬರುವ ಮೊದಲೇ ಮಾಯ. ಹೆಚ್ಚಿನವರು 50ರಿಂದ 150 ಮೈಕ್ರಾನಿನ ನಡುವೆ ನಿಂತಿದ್ದಾರೆ.

ಇಷ್ಟೆಲ್ಲ ಕಚ್ಚು, ಲೇಪ ಇದ್ದರೂ ಮೊದಲ ಕೆಲವು ವಾರ ಲೋಹ ಅಲ್ಲಾಡಬಾರದು. ಕೆನಡಾದ ಪಿಲಿಯರ್ ಮತ್ತು ಜೊತೆಗಾರರು 1986ರಲ್ಲಿ ತೋರಿಸಿದಂತೆ, ರಂಧ್ರದ ಮೈಯಿರುವ ಲೋಹ ಸುಮಾರು 28 ಮೈಕ್ರಾನಿಗಿಂತ ಕಡಿಮೆ ಕದಲಿದಲ್ಲಿ ಎಲುಬು ಒಳಗೆ ಬೆಳೆಯಿತು. 150 ಮೈಕ್ರಾನ್ ಅಥವಾ ಅದಕ್ಕಿಂತ ಹೆಚ್ಚು ಕದಲಿದಲ್ಲಿ ಬರೀ ನಾರು ಬೆಳೆಯಿತು. ಎರಡು ಕೂದಲಿನ ದಪ್ಪದಷ್ಟು ಅಂತರದಲ್ಲಿ ಎಲುಬೋ ನಾರೋ ಎಂಬುದು ತೀರ್ಮಾನವಾಗುತ್ತದೆ. ಇಲ್ಲಿ ಮೇಲ್ಮೈ ವಿನ್ಯಾಸಕಾರನ ಕೆಲಸ ಮುಗಿದು ನಮ್ಮ ಕೈಕೆಲಸ ಶುರು. ಟೊಂಕದ ಹೊಂಡವನ್ನು ರೀಮರಿನಿಂದ ಕೆರೆದು ದುಂಡು ಮಾಡುತ್ತೇವೆ. 52 ಮಿಲಿಮೀಟರಿನ ಬಟ್ಟಲು ಕೂರಬೇಕಾದರೆ 51ರ ರೀಮರಿಗೆ ನಿಲ್ಲಿಸುವುದು ವಾಡಿಕೆ. ಆ ಒಂದು ಮಿಲಿಮೀಟರಿನ ಬಿಗಿಯಲ್ಲೇ ಬಟ್ಟಲು ನಿಲ್ಲಬೇಕು. ಕೂರಿಸಲು ಸುತ್ತಿಗೆ ಬೇಕು. ಮೊದಲ ಏಟುಗಳ ಸದ್ದು ಮಂದ. ಬಟ್ಟಲು ಒಳಗಿಳಿದಂತೆ ಸದ್ದು ಮೇಲೇರುತ್ತದೆ, ತಳ ಮುಟ್ಟಿದಾಗ ಗಟ್ಟಿಯಾಗಿ ಠಣ್ ಎನ್ನುತ್ತದೆ. ಅಷ್ಟು ಹೊತ್ತು ಥಿಯೇಟರಿನಲ್ಲಿ ಅರಿವಳಿಕೆಯವರೂ ಮಾತು ನಿಲ್ಲಿಸಿರುತ್ತಾರೆ. ಇನ್ನೊಂದು ಏಟು ಹೆಚ್ಚು ಬಿದ್ದರೆ ಹೊಂಡದ ಅಂಚು ಬಿರಿಯಬಹುದು. ಅಲ್ಲಿಗೆ ಬಿಗಿಯೂ ಹೋಯಿತು, ಮೈಕ್ರಾನಿನ ಲೆಕ್ಕವೂ ಹೋಯಿತು.

ಬೆಸೆದದ್ದಕ್ಕೂ ಬೆಸೆಯದ್ದಕ್ಕೂ ಇರುವ ಅಂತರ ಕಾಣಬೇಕೆಂದರೆ ಹೊರತೆಗೆದ ಬಟ್ಟಲನ್ನು ಕೈಯಲ್ಲಿ ಹಿಡಿಯಬೇಕು. ಸಡಿಲಾದದ್ದು ಬೆರಳಿನಿಂದಲೇ ಕಳಚಿ ಬರುತ್ತದೆ, ಹಿಂಭಾಗದಲ್ಲಿ ಬಿಳಿಚಿದ, ಜಾರುವ ಪೊರೆಯೊಂದು ಮೆತ್ತಿಕೊಂಡಿರುತ್ತದೆ. ಒರೆಸಿದರೆ ಮಣಿಗಳೆಲ್ಲ ಹೊಸದರಂತೆ ಸ್ವಚ್ಛ. ಬೆಸೆದದ್ದು ಹಾಗೆ ಬರುವುದಿಲ್ಲ. ಬಾಗಿದ ಉಳಿಗಳಿಂದ ಸುತ್ತ ಕಡಿಯಬೇಕು. ಬಂದಾಗ ಮಣಿಗಳ ಸಂದಿಯಲ್ಲಿ ಹಳದಿ ಛಾಯೆಯ ಎಲುಬಿನ ಚೂರುಗಳು ಉಳಿದಿರುತ್ತವೆ, ಉಗುರಿನಿಂದ ಕೆರೆದರೂ ಏಳುವುದಿಲ್ಲ.

ವಿನ್ಯಾಸ ಎಷ್ಟೇ ಜಾಣತನದ್ದಾದರೂ ಶುಚಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ದೊಡ್ಡ ಪ್ರಕರಣವಿದೆ. ಅಮೆರಿಕದ ಟೆಕ್ಸಾಸಿನಲ್ಲಿದ್ದ ಸುಲ್ಜರ್ ಆರ್ಥೋಪೆಡಿಕ್ಸ್ ಕಂಪನಿ 2000ದ ಡಿಸೆಂಬರಿನಲ್ಲಿ ತನ್ನ ಇಂಟರ್-ಆಪ್ ಎಂಬ ಟೊಂಕದ ಬಟ್ಟಲುಗಳನ್ನು ವಾಪಸು ಕರೆಸಿತು. ರಂಧ್ರಗಳು ಸರಿಯಾಗಿದ್ದವು, ಲೋಹ ಸರಿಯಾಗಿತ್ತು. ಆದರೆ ತಯಾರಿಕೆಯ ಹೊತ್ತಿನಲ್ಲಿ ಯಂತ್ರದ ಎಣ್ಣೆಯ ಅಂಶ ಬಟ್ಟಲಿನ ಮೈಮೇಲೆ ಉಳಿದುಬಿಟ್ಟಿತ್ತು. ಕಣ್ಣಿಗೆ ಕಾಣದ ಆ ಜಿಡ್ಡಿಗೆ ಎಲುಬು ಹತ್ತಿರ ಸುಳಿಯಲಿಲ್ಲ. ಆ ಹೊತ್ತಿಗಾಗಲೇ ಸುಮಾರು 17,500 ಜನರಿಗೆ ಅವನ್ನು ಹಾಕಿಯಾಗಿತ್ತು. ಸಾವಿರಾರು ಜನ ಎರಡನೆಯ ಸಲ ಮೇಜು ಹತ್ತಬೇಕಾಯಿತು. 2002ರಲ್ಲಿ ಸುಮಾರು ನೂರು ಕೋಟಿ ಡಾಲರಿನ ಪರಿಹಾರದ ಒಪ್ಪಂದವಾಯಿತು. ಈ ಒಂದು ಘಟನೆ ನನಗೆ ಹತ್ತು ಹೊಸ ಲೇಪಗಳಿಗಿಂತ ಹೆಚ್ಚು ಕಲಿಸಿದೆ. ಎಲುಬು ಹಿಡಿಯುವುದು ಮೇಲಿನ ಕೆಲವು ನ್ಯಾನೊಮೀಟರನ್ನು. ಅಲ್ಲಿ ಜಿಡ್ಡಿದ್ದರೆ ಕೆಳಗೆ ಏನಿದ್ದರೂ ಲೆಕ್ಕಕ್ಕಿಲ್ಲ. ಅದಕ್ಕೇ ಪ್ಯಾಕೆಟ್ ಒಡೆದ ಮೇಲೆ ಬಟ್ಟಲಿನ ಒರಟು ಭಾಗವನ್ನು ಯಾರೂ ಮುಟ್ಟಬಾರದೆಂದು ಹಿರಿಯ ಸಿಸ್ಟರ್‌ಗಳು ಗದರುವುದು. ಗ್ಲೌಸಿನ ಕೈಯೂ ಸಲ್ಲದು.

ಇನ್ನು ಲೋಹದ ಬಿಗಿತ. ಗಟ್ಟಿ ಎಲುಬಿನ ಬಿಗಿತ ಸುಮಾರು 20 ಗಿಗಾಪಾಸ್ಕಲ್ ಎಂದಿಟ್ಟುಕೊಂಡರೆ ಟೈಟಾನಿಯಂ ಮಿಶ್ರಲೋಹದ್ದು 110, ಸ್ಟೀಲಿನದು 200ರ ಹತ್ತಿರ, ಕೋಬಾಲ್ಟ್-ಕ್ರೋಮಿಯಮ್ಮಿನದು ಇನ್ನೂ ಹೆಚ್ಚು. ಬಿಗಿಯಾದ ಕಡ್ಡಿ ಭಾರವನ್ನೆಲ್ಲ ತಾನೇ ಹೊತ್ತುಕೊಂಡರೆ ಸುತ್ತಲಿನ ಎಲುಬಿಗೆ ಕೆಲಸವಿಲ್ಲದೆ ತೆಳ್ಳಗಾಗುತ್ತದೆ. ಕೆಲಸವಿದ್ದರೆ ಎಲುಬು ಬೆಳೆಯುತ್ತದೆ, ಇಲ್ಲದಿದ್ದರೆ ಕರಗುತ್ತದೆ ಎಂದು ಜರ್ಮನಿಯ ವೋಲ್ಫ್ 1892ರಲ್ಲೇ ಬರೆದಿದ್ದಾನೆ. ಈಗ ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ಮುದ್ರಿಸುವ ಯಂತ್ರಗಳು ಬಂದ ಮೇಲೆ, ಒಳಗೆಲ್ಲ ಜಾಲಿಯಂತಿರುವ, ಬಿಗಿತದಲ್ಲಿ ಎಲುಬಿಗೆ ಹತ್ತಿರವಾದ ಬಟ್ಟಲು ಸಾಧ್ಯವಾಗಿದೆ. ನಮಗೆ ಹತ್ತಿರದ ಹೈದರಾಬಾದಿನ ಮಿಧಾನಿ ಕಾರ್ಖಾನೆ ಟೈಟಾನಿಯಂ ಮಿಶ್ರಲೋಹ ಮಾಡುತ್ತದೆ. ಕೃಷ್ಣೆಗೆ ನಿಜಾಮರ ಕಾಲದಲ್ಲಿ ಕಟ್ಟಿದ ಸೇತುವೆ ದಾಟಿ ನಮ್ಮ ರೋಗಿಗಳು ಆಪರೇಷನ್ನಿಗೆ ಹೋಗುವ ಊರಲ್ಲೇ ಆ ಲೋಹವೂ ಹುಟ್ಟುತ್ತದೆ.

ಕರ್ನಾಟಕದಲ್ಲಿ ಈ ವಿಷಯದ ಗಟ್ಟಿ ಕೆಲಸ ನಡೆದಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿನ ಕೌಶಿಕ್ ಚಟರ್ಜಿ ಮತ್ತು ಸಂಗಡಿಗರು 2017ರಲ್ಲಿ ಕಪ್ಪು ಟೈಟಾನಿಯಮ್ಮಿನ ಬಗ್ಗೆ ಪ್ರಕಟಿಸಿದರು. ಕ್ಲೋರೀನ್ ಅನಿಲದ ಪ್ಲಾಸ್ಮಾದಿಂದ ಲೋಹದ ಮೈ ಕೆತ್ತಿ, ಸುಮಾರು ಸಾವಿರ ನ್ಯಾನೊಮೀಟರ್ ಎತ್ತರದ, ಎಂಬತ್ತು ನ್ಯಾನೊಮೀಟರ್ ದಪ್ಪದ ಸೂಜಿಗಳ ಕಾಡನ್ನೇ ಎಬ್ಬಿಸಿದರು. ಬೆಳಕು ಅದರೊಳಗೆ ಸಿಕ್ಕಿಕೊಳ್ಳುವುದರಿಂದ ಲೋಹ ಕಪ್ಪಾಗಿ ಕಾಣುತ್ತದೆ. ಕೆಲವು ಕೀಟಗಳ ರೆಕ್ಕೆಯ ಮೇಲೆ ಇಂಥದೇ ಸೂಜಿಗಳಿವೆ, ಬಂದು ಕೂತ ಬ್ಯಾಕ್ಟೀರಿಯ ಅಲ್ಲೇ ಹರಿದು ಸಾಯುತ್ತವೆ. ಕಪ್ಪು ಟೈಟಾನಿಯಮ್ಮಿನ ಮೇಲೂ ಅದೇ ಆಯಿತು. ಇ. ಕೊಲೈ ಬ್ಯಾಕ್ಟೀರಿಯ ಬಹುಪಾಲು ನಾಲ್ಕೇ ಗಂಟೆಯಲ್ಲಿ ಸತ್ತವು. ಕೀಲಿನ ಸೋಂಕಿಗೆ ಮುಖ್ಯ ಕಾರಣವಾದ ಸ್ಟೆಫಿಲೊಕಾಕಸ್ ಆರಿಯಸ್ ಮಾತ್ರ ದಪ್ಪ ಚರ್ಮದ್ದು. ನಾಲ್ಕು ಗಂಟೆಯಲ್ಲಿ ಐದರಲ್ಲೊಂದು ಪಾಲು, ಇಡೀ ದಿನ ಬಿಟ್ಟರೆ ಮುಕ್ಕಾಲು ಪಾಲು. ಮನುಷ್ಯರ ಕಾಂಡಕೋಶಗಳು ಮಾತ್ರ ಅದೇ ಸೂಜಿಗಳ ಮೇಲೆ ಆರಾಮಾಗಿ ಕೂತು ಎಲುಬಿನ ಕಡೆ ತಿರುಗಿದವು.

ಇದು ಯಾಕೆ ಮುಖ್ಯ? ಆಂಥೊನಿ ಗ್ರಿಸ್ಟಿನಾ 1987ರಲ್ಲಿ ಹೇಳಿದ ಹಾಗೆ, ಒಳಗೆ ಹೋದ ಪ್ರತಿ ಲೋಹದ ಮೈಗಾಗಿ ದೇಹದ ಕೋಶಕ್ಕೂ ಬ್ಯಾಕ್ಟೀರಿಯಾಗಳಿಗೂ ಪೈಪೋಟಿ ಇರುತ್ತದೆ. ಮೊದಲು ಬಂದವರದ್ದು ಜಾಗ. ಬ್ಯಾಕ್ಟೀರಿಯ ಮೊದಲು ಬಂದು ಲೋಳೆ ಕಟ್ಟಿಕೊಂಡರೆ ಔಷಧಿ ಒಳಗೆ ಇಳಿಯುವುದಿಲ್ಲ. ಒರಟು ಮೈ ಎಲುಬಿಗೆ ಇಷ್ಟವಾದಷ್ಟೇ ಬ್ಯಾಕ್ಟೀರಿಯಾಗಳಿಗೂ ಇಷ್ಟ. ಒಬ್ಬರಿಗೆ ಹಾಸಿಗೆಯಾಗಿ ಇನ್ನೊಬ್ಬರಿಗೆ ಮುಳ್ಳಾಗುವ ಮೈ ಬೇಕು. ಆ ಕಡೆ ಇಟ್ಟ ಹೆಜ್ಜೆ ಎಂದು ನಾನು ಕಪ್ಪು ಟೈಟಾನಿಯಮ್ಮನ್ನು ಮೆಚ್ಚುತ್ತೇನೆ. ಆದರೆ ಸುತ್ತಿಗೆ ಏಟಿನಲ್ಲಿ ಎಲುಬಿಗೆ ಉಜ್ಜಿಕೊಂಡು ಹೋಗುವಾಗ ಆ ಸೂಜಿಗಳು ಉಳಿಯಬೇಕಲ್ಲ ಎಂಬ ಅನುಮಾನ ನನಗಿದ್ದೇ ಇದೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಯಾರೂ ಸುತ್ತಿಗೆ ಹೊಡೆಯುವುದಿಲ್ಲ.

ಅದೇ ಸಂಸ್ಥೆಯ ಇನ್ನೊಂದು ಕೆಲಸದ ಬಗ್ಗೆ ಪತ್ರಿಕೆಗಳು ಅಷ್ಟು ಬರೆಯಲಿಲ್ಲ, ನನಗೆ ಅದೇ ಹೆಚ್ಚು ಹಿಡಿಸಿದ್ದು. ಸತ್ಯಂ ಸುವಾಸ್ ಮತ್ತು ಚಟರ್ಜಿ ತಂಡದವರು ಸಾಧಾರಣ 316ಎಲ್ ಸ್ಟೀಲಿನ ಮೇಲೆ ಸಣ್ಣ ಗುಂಡುಗಳನ್ನು ಜೋರಾಗಿ ಬಡಿದು, ಮೇಲಿನ ಪದರದ ಹರಳುಗಳನ್ನು ನ್ಯಾನೊ ಅಳತೆಗೆ ಪುಡಿಗಟ್ಟಿದರು. ಬೇರೆ ಲೋಹ ಸೇರಿಸಲಿಲ್ಲ, ಲೇಪ ಹಾಕಲಿಲ್ಲ. 2015ರ ಅವರ ವರದಿಯಂತೆ ಆ ಮೈ ಬಾಳಿಕೆಯಲ್ಲೂ ಮುಂದೆ, ಎಲುಬಿನ ಕೋಶಗಳನ್ನು ಹಿಡಿಯುವುದರಲ್ಲೂ ಮುಂದೆ. ಎದ್ದು ಹೋಗಲು ಅಲ್ಲಿ ಲೇಪವೇ ಇಲ್ಲ. ಅಗ್ಗದ ಲೋಹವನ್ನೇ ಮೇಲಕ್ಕೆತ್ತುವ ಇಂಥ ಕೆಲಸ ರಾಯಚೂರಿನ ರಿಮ್ಸ್‌ನಂಥ ಸರಕಾರಿ ಆಸ್ಪತ್ರೆಗೆ ಬೇಗ ತಲುಪಬಲ್ಲದು.

ಹಣದ ಮಾತು ಬಂತು. 2017ರ ಆಗಸ್ಟಿನಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರ ಮೊಣಕಾಲು ಕೀಲಿನ ಬೆಲೆಗೆ ಮಿತಿ ಹಾಕಿತು. ಕೋಬಾಲ್ಟ್-ಕ್ರೋಮಿಯಮ್ಮಿನ ಸಾಮಾನ್ಯ ಕೀಲಿಗೆ ಆಗ 54,720 ರೂಪಾಯಿ, ತೆರಿಗೆ ಬೇರೆ. ಆಗಿನಿಂದ ಮಧ್ಯಮ ವರ್ಗದವರು ಧೈರ್ಯ ಮಾಡುತ್ತಿದ್ದಾರೆ. ಟೊಂಕದ ಕೀಲಿನಲ್ಲಿ ಬೆಲೆಯ ಜೊತೆ ವಯಸ್ಸಿನ ಪ್ರಶ್ನೆಯೂ ಇದೆ. ನಮ್ಮ ದೇಶದಲ್ಲಿ ಅದನ್ನು ಬದಲಿಸಿಕೊಳ್ಳುವವರು ಪಶ್ಚಿಮದವರಷ್ಟು ಮುದುಕರಲ್ಲ. ತೊಡೆಯೆಲುಬಿನ ತಲೆಗೆ ರಕ್ತ ನಿಂತು ಅದು ಸತ್ತು ಕುಸಿಯುವುದೇ ಇಲ್ಲಿ ಮುಖ್ಯ ಕಾರಣ. ಸ್ಟಿರಾಯ್ಡ್, ಕುಡಿತ, ಹಳೆಯ ಪೆಟ್ಟು ಅದಕ್ಕೆ ದಾರಿ. ಹೀಗಾಗಿ ಮೂವತ್ತೈದರ ದುಡಿಯುವ ಗಂಡಸು ಬಂದು ಕೂರುತ್ತಾನೆ. ಅವನು ನೆಲದ ಮೇಲೆ ಉಣ್ಣಬೇಕು, ಹತ್ತಿ ಹೊಲದಲ್ಲಿ ಬಗ್ಗಬೇಕು. ಅವನಿಗೆ ಬೆಸುಗೆ ಮೂವತ್ತು ವರ್ಷ ನಿಲ್ಲಬೇಕು. ಜೀವಮಾನದ ಗ್ಯಾರಂಟಿ ಎಂದು ಬೋರ್ಡು ಹಾಕುವವರನ್ನು ಕಂಡರೆ ಯಾರ ಜೀವಮಾನ ಎಂದು ಕೇಳಬೇಕೆನಿಸುತ್ತದೆ.

ಈಗ ನಮ್ಮ ನೀರಿಗೆ ಬರುತ್ತೇನೆ. ದೇವದುರ್ಗ, ಮಾನ್ವಿ, ಲಿಂಗಸುಗೂರು ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಇರಬಹುದು, ಬೇರೆ ದಾರಿಯಿಲ್ಲದಿದ್ದರೆ ಒಂದೂವರೆಯವರೆಗೆ. ದಶಕಗಟ್ಟಲೆ ಅದನ್ನು ಮೀರಿದ ನೀರು ಕುಡಿದವರ ಬೆನ್ನು ಬಿಗಿಯುತ್ತದೆ, ಟೊಂಕ ಬಾಗುವುದಿಲ್ಲ. 1937ರಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಿಂದ ಶಾರ್ಟ್ ಮತ್ತು ಸಂಗಡಿಗರು ಈ ಎಲುಬಿನ ಬೇನೆಯನ್ನು ವರದಿ ಮಾಡಿದರು. ಫ್ಲೋರೈಡ್ ಎಲುಬಿನ ಖನಿಜದೊಳಗೇ ಹೊಕ್ಕು ಕೂರುತ್ತದೆ. ಹೈಡ್ರಾಕ್ಸಿಅಪಟೈಟ್ ಹೋಗಿ ಫ್ಲೋರಪಟೈಟ್ ಆಗುತ್ತದೆ. ಇದು ಆಮ್ಲಕ್ಕೆ ಸುಲಭವಾಗಿ ಕರಗದು. ಎಲುಬು ಕಡಿಯುವ ಕೋಶ ಕೆಲಸ ಮಾಡುವುದು ಆಮ್ಲದಿಂದ. ಕಡಿದು ಮತ್ತೆ ಕಟ್ಟುವ ಕೆಲಸ ಎಂದೆನಲ್ಲ, ಸಮಸ್ಯೆ ಅಲ್ಲೇ ಇದೆ.

ಎಕ್ಸ್‌ರೇಯಲ್ಲಿ ಇಂಥ ನೀರು ಕುಡಿದವರ ಸೊಂಟದೆಲುಬು ಸೀಮೆಸುಣ್ಣದಂತೆ ಬೆಳ್ಳಗೆ, ತುಂಬ ಗಟ್ಟಿ ಇದ್ದಂತೆ ಕಾಣುತ್ತದೆ. ಗಟ್ಟಿ ಕಂಡದ್ದೆಲ್ಲ ಗಟ್ಟಿಯಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನವರು ಎಲುಬು ಸವೆದ 202 ಹೆಂಗಸರ ಮೇಲೆ ನಡೆಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧ ಜನಕ್ಕೆ ಫ್ಲೋರೈಡನ್ನೇ ಔಷಧವಾಗಿ ನಾಲ್ಕು ವರ್ಷ ಕೊಟ್ಟರು. ಬೆನ್ನೆಲುಬಿನ ಸಾಂದ್ರತೆ ಶೇಕಡಾ 35 ಏರಿತು, ಬೆನ್ನಿನ ಮುರಿತ ಗಮನಾರ್ಹವಾಗಿ ಇಳಿಯಲಿಲ್ಲ, ಬೇರೆ ಎಲುಬುಗಳ ಮುರಿತ ಮೂರು ಪಟ್ಟಾಯಿತು.

ಇಂಥ ಎಲುಬಿನಲ್ಲಿ ಡ್ರಿಲ್ ಓಡಿಸುವುದು ಬೇರೆಯೇ ಕೆಲಸ. ಬಿಟ್ ಮುಂದೆ ಹೋಗದೆ ಜಾರುತ್ತದೆ, ಒತ್ತಿದರೆ ಬಿಸಿಯಾಗುತ್ತದೆ. 47 ಡಿಗ್ರಿ ಶಾಖ ಒಂದು ನಿಮಿಷ ತಾಗಿದರೆ ಎಲುಬಿಗೆ ಪೆಟ್ಟು ಎಂದು 1983ರಲ್ಲಿ ಎರಿಕ್‌ಸನ್ ಮತ್ತು ಆಲ್ಬ್ರೆಕ್ಟ್‌ಸನ್ ಮೊಲಗಳ ಮೇಲೆ ತೋರಿಸಿದರು. ನಮ್ಮ ಜಿಲ್ಲೆಯ ಥಿಯೇಟರಿನಲ್ಲಿ ಹೊಸ, ಹರಿತ ಬಿಟ್ ಇರಬೇಕು, ತಣ್ಣನೆ ಸಲೈನ್ ಸುರಿಯುತ್ತಲೇ ಇರಬೇಕು ಎನ್ನುವುದು ಅದಕ್ಕೇ. ಸುಟ್ಟ ಎಲುಬಿಗೆ ಯಾವ ನ್ಯಾನೊ ಸೂಜಿಯೂ ಬೆಸೆಯದು. ಬಟ್ಟಲನ್ನು ಬಿಗಿಯಾಗಿ ಕೂರಿಸುವಾಗಲೂ ಎಚ್ಚರ ಬೇಕು. ಮಾಮೂಲಿ ಎಲುಬು ಸ್ವಲ್ಪ ಬಾಗಿ ಜಾಗ ಕೊಡುತ್ತದೆ, ಇದು ಬಾಗದೆ ಸೀಳುತ್ತದೆ.

ಸೋಜಿಗವೆಂದರೆ, ಇದೇ ಫ್ಲೋರೈಡ್ ಲೋಹದ ಮೈಮೇಲೆ ಕೂತಾಗ ಸ್ನೇಹಿತ. ನಾರ್ವೆಯ ಎಲಿಂಗ್ಸನ್ 1995ರಲ್ಲಿ ಟೈಟಾನಿಯಮ್ಮನ್ನು ಫ್ಲೋರೈಡ್ ದ್ರಾವಣದಲ್ಲಿ ಅದ್ದಿ ಮೊಲದ ಎಲುಬಿಗೆ ಹಾಕಿದಾಗ, ಅದ್ದದ್ದಕ್ಕಿಂತ ಅದ್ದಿದ್ದೇ ಬಿಗಿಯಾಗಿ ನಿಂತಿತು. ಆ ತಂತ್ರದ ಹಲ್ಲಿನ ಇಂಪ್ಲಾಂಟುಗಳು ಮಾರುಕಟ್ಟೆಯಲ್ಲೂ ಇವೆ. ಅಲ್ಲಿರುವುದು ಅತ್ಯಲ್ಪ ಪ್ರಮಾಣ, ಬೇಕಾದ ಜಾಗದಲ್ಲಿ ಮಾತ್ರ. ನಮ್ಮ ಅಜ್ಜಿಯರ ಎಲುಬಿನಲ್ಲಿರುವುದು ಐವತ್ತು ವರ್ಷದ ಕೊಳವೆಬಾವಿ.

ಮೊಲ, ನಾಯಿ — ಇಷ್ಟು ಹೊತ್ತು ನಾನು ಹೇಳಿದ ಅಳತೆಗಳು ಹೆಚ್ಚಾಗಿ ಬಂದದ್ದು ಇವುಗಳ ಆರೋಗ್ಯವಂತ ಎಲುಬಿನಿಂದ. ದೇವದುರ್ಗದ ಎಲುಬಿಗೆ ಯಾವ ಮೈ ಒಗ್ಗುತ್ತದೆ ಎಂಬುದನ್ನು ಇಲ್ಲೇ ನೋಡಬೇಕು, ಬೆಂಗಳೂರಿನಲ್ಲೋ ಸ್ವೀಡನ್ನಿನಲ್ಲೋ ಅಲ್ಲ. ಕಷ್ಟದ ಕೆಲಸವೇನಲ್ಲ. ಟೊಂಕದ ಆಪರೇಷನ್ನಿನಲ್ಲಿ ತೊಡೆಯೆಲುಬಿನ ತಲೆಯನ್ನು ಹೇಗೂ ಕತ್ತರಿಸಿ ತೆಗೆಯುತ್ತೇವೆ, ಈಗ ಅದು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹೋಗುತ್ತದೆ. ರೋಗಿಯ ಒಪ್ಪಿಗೆ ಪಡೆದು, ಅವನು ಕುಡಿದ ನೀರಿನ ವಿವರ ಬರೆದು, ಅದನ್ನು ಕಾಯ್ದಿಟ್ಟರೆ ಫ್ಲೋರೈಡ್ ಎಷ್ಟಿದೆ, ಹರಳು ಹೇಗಿದೆ, ಬಿಗಿತ ಎಷ್ಟು ಎಂದು ಅಳೆಯಬಹುದು. ಸಡಿಲಾಗಿ ಹೊರಬಂದ ಬಟ್ಟಲುಗಳನ್ನೂ ಹಾಗೆಯೇ. 2007ರಲ್ಲಿ ಶುರುವಾದ ರಿಮ್ಸ್ ಇದೆ, ಅಳೆಯುವ ಯಂತ್ರಗಳು ವಿಜ್ಞಾನ ಸಂಸ್ಥೆಯಲ್ಲಿವೆ. ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿಗೆ ಕೂತ ಜಿಲ್ಲೆ ನಮ್ಮದು. ಅದು ಬಂದ ದಿನ ಬರಲಿ, ಎಲುಬು ಕಾಯ್ದಿಡಲು ಒಂದು ಫ್ರೀಜರ್, ಒಂದು ರಿಜಿಸ್ಟರ್ ಸಾಕು.

ನೀವು ಮಾಡಬಹುದಾದದ್ದೂ ಒಂದಿದೆ. ಪ್ರತಿ ಇಂಪ್ಲಾಂಟಿನ ಪೆಟ್ಟಿಗೆಯೊಳಗೆ ಅದರ ಹೆಸರು, ಅಳತೆ, ಲಾಟ್ ಸಂಖ್ಯೆ ಇರುವ ಸ್ಟಿಕರ್‌ಗಳಿರುತ್ತವೆ. ಸುಲ್ಜರಿನ ಎಣ್ಣೆ ಹತ್ತಿದ ಬಟ್ಟಲು ಯಾರ ಟೊಂಕದಲ್ಲಿದೆ ಎಂದು ಹುಡುಕುವಾಗ ಅಂಥ ಸಂಖ್ಯೆಯೇ ಬೇಕಾಗುವುದು. ಒಂದು ಸ್ಟಿಕರ್ ಕೇಸ್ ಶೀಟಿಗೆ ಹೋಗುತ್ತದೆ. ಇನ್ನೊಂದನ್ನು ನಿಮ್ಮ ಡಿಸ್ಚಾರ್ಜ್ ಕಾರ್ಡಿಗೆ ಅಂಟಿಸಿಕೊಡಿ ಎಂದು ಕೇಳಿ. ಕಾರ್ಡನ್ನು ರೇಷನ್ ಕಾರ್ಡಿನ ಜೊತೆ ಇಡಿ.